ಗೋಪುರದ ತುದಿಯ ಹಕ್ಕಿ

ಅವಳಿಗೆ ಕೊಕ್ಕಿನಕ್ಕ ಎಂಬ ಹೆಸರು ಬಂದದ್ದು ಮೂಗಿನಿಂದಲ್ಲ, ಮಾತಿನಿಂದಲೂ ಅಲ್ಲ. ಅವಳು ಕೆಲಸ ಮಾಡುವ ತಗಡಿನ ಶೆಡ್ಡಿನಲ್ಲಿ ಗೇಣುದ್ದದ ಗಡಿಯಾರದ ಗೋಪುರಗಳು ತಯಾರಾಗುತ್ತವೆ. ಸಮುದ್ರದಾಚೆ ಯಾವುದೋ ಊರಿನ ಗೋಪುರ ಅದು. ಆ ಊರು ನೋಡಲು ಹೋದವರು ನೆನಪಿಗೆಂದು ಕೊಂಡುಕೊಂಡು ಮನೆಯ ಶೋಕೇಸಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಶೆಡ್ಡಿನಲ್ಲಿ ಒಬ್ಬರು ಅಚ್ಚಿಗೆ ಸುರಿಯುತ್ತಾರೆ, ಒಬ್ಬರು ಅಂಚು ಉಜ್ಜುತ್ತಾರೆ, ಇಬ್ಬರು ಗೋಡೆಗೆ ಇಟ್ಟಿಗೆ ಬಣ್ಣ ಬಳಿಯುತ್ತಾರೆ. ತುದಿಯಲ್ಲಿ ಕೂತ ಪುಟ್ಟ ಹಕ್ಕಿಯ ಕೊಕ್ಕಿಗೆ ಹಳದಿ ಮುಟ್ಟಿಸುವುದು ಇವಳ ಕೆಲಸ. ಮುಟ್ಟಿಸುವುದು ಅಂದರೆ ಮುಟ್ಟಿಸುವುದೇ. ಬಳಿದರೆ ಕೆಟ್ಟಿತು, ಹಕ್ಕಿ ಹೋಗಿ ಬಾತುಕೋಳಿ ಆಗುತ್ತದೆ.

"ನಿದ್ದೆ ಮಾಡೋ ಮಗುವಿಗೆ ಮುತ್ತು ಕೊಡ್ತೀಯಲ್ಲ, ಎಚ್ಚರ ಆಗಬಾರದು ಅಂತ, ಹಾಗೆ" ಎಂದು ಅವಳಿಗೆ ಕಲಿಸಿಕೊಟ್ಟವರು ಅವಳ ಅತ್ತೆ.

ಅಸಲಿಗೆ ಆ ಹಕ್ಕಿಯನ್ನು ಹೆತ್ತವರೇ ಅತ್ತೆ. ಈಗಿನ ಮಾಲೀಕರ ಅಪ್ಪನ ಕಾಲದಲ್ಲಿ, ಮಾದರಿಗೆಂದು ಆ ದೇಶದಿಂದ ಒಂದು ಗೋಪುರ ಪೆಟ್ಟಿಗೆಯಲ್ಲಿ ಬಂದಿತ್ತು. ಬರುವ ದಾರಿಯಲ್ಲಿ ತುದಿ ಮುರಿದಿತ್ತು. ಮುರಿದ ಚೂರನ್ನು ಪೆಟ್ಟಿಗೆಯ ಹುಲ್ಲಿನಲ್ಲಿ ಎಷ್ಟು ತಡಕಿದರೂ ಸಿಗಲಿಲ್ಲ; ಬೆಂಕಿಕಡ್ಡಿಯ ತಲೆಯಷ್ಟು ಮೊಳೆ ಮಾತ್ರ ಉಳಿದಿತ್ತು. ದೊಡ್ಡ ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. ಆಗಷ್ಟೇ ಶೆಡ್ಡಿಗೆ ಕೆಲಸಕ್ಕೆ ಸೇರಿದ್ದ, ಇನ್ನೂ ಹೊಸ ಮದುವಣಗಿತ್ತಿಯಾಗಿದ್ದ ಅತ್ತೆ, "ಅಷ್ಟು ಎತ್ತರದಲ್ಲಿ ಇನ್ನೇನು ಕೂತಿರುತ್ತೆ ಸ್ವಾಮಿ, ಹಕ್ಕಿ ತಾನೇ?" ಅಂದು, ನಲ್ಲಿ ಸೋರಿದರೆ ಹಚ್ಚುವ ಎರಡು ಬಣ್ಣದ ಅಂಟುಮುದ್ದೆ ಕಲಸಿ, ಒಂದು ಹಕ್ಕಿ ಮಾಡಿ, ರೆಕ್ಕೆಯ ಕೆಳಗೆ ಹೆಬ್ಬೆಟ್ಟು ಒತ್ತಿ ಕೂರಿಸಿಬಿಟ್ಟರು. ಅದರಿಂದಲೇ ಅಚ್ಚು ತೆಗೆದರು. ಕೊಳ್ಳುವವರು ಯಾರೂ ತಕರಾರು ಮಾಡಲಿಲ್ಲ. ಅಂದಿನಿಂದ ಸಮುದ್ರ ದಾಟಿದ ಪ್ರತಿಯೊಂದು ಹಕ್ಕಿಯ ಎಡ ರೆಕ್ಕೆಯ ಕೆಳಗೂ ಅತ್ತೆಯ ಹೆಬ್ಬೆಟ್ಟಿನ ಗೆರೆಗಳಿವೆ.

ಈಗ ಅತ್ತೆಯ ಕಣ್ಣು ಹೋಗಿದೆ. ಆಪರೇಷನ್ನಿಗೆ ಬಗ್ಗುವ ಪೊರೆಯಲ್ಲ, ಒಳಗಿನ ನರವೇ ಒಣಗಿದೆ ಎಂದು ಡಾಕ್ಟರು ಕೈ ಚೆಲ್ಲಿದ್ದಾರೆ. ಮನೆಯಲ್ಲಿ ಮೊಮ್ಮಗಳನ್ನು ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ನೋಡಿಕೊಳ್ಳುವುದು ಅಂದರೆ ಕೇಳಿಕೊಳ್ಳುವುದು. ಎರಡು ವರ್ಷದ ಆ ಚೂಟಿಯ ಚಡ್ಡಿಯ ಹಿಂಬದಿಗೆ ಕೊಕ್ಕಿನಕ್ಕ ಒಂದು ಸಣ್ಣ ಗಂಟೆ ಹೊಲಿದಿದ್ದಾಳೆ. ಗಂಟೆ ನಿಂತರೆ ಅತ್ತೆ ಎದ್ದೇಳುತ್ತಾರೆ. ಗಂಟೆ ಆಡಿಸುವ ಮಗುವಿಗಿಂತ ಗಂಟೆ ನಿಂತ ಮಗುವೇ ಅಪಾಯಕಾರಿ ಎನ್ನುವುದು ಆ ಮನೆಯ ಗಾದೆ.

ಹೀಗಿರುವಾಗ ಸಮುದ್ರದಾಚೆಯ ಆ ಗೋಪುರದ ಊರಿನಲ್ಲೇ ದೊಡ್ಡ ಮಾರಾಟ ಮೇಳ ನಡೆಯುವುದೆಂದೂ, ಅಲ್ಲಿ ಕೂತು ಬಣ್ಣ ಹಚ್ಚಿ ತೋರಿಸಲು ಒಬ್ಬರು ಬೇಕೆಂದೂ ಮಾಲೀಕರು ಹೇಳಿದರು. "ಕೈಕೆಲಸ ಅಂತ ಜನಕ್ಕೆ ಗೊತ್ತಾಗಬೇಕು. ನೀನು ಬಾ ಕೊಕ್ಕಿನಕ್ಕ."

ಹೊರಡುವ ದಿನ ಬೆಳಿಗ್ಗೆ ಅವಳು ಮಗುವಿನ ಬಟ್ಟೆಗಳನ್ನು ದಿನಕ್ಕೊಂದರಂತೆ ಜೋಡಿಸಿಡುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತು, "ನನಗೇನೂ ತರಬೇಡ, ನೀನು ವಾಪಸ್ ಬಂದ್ರೆ ಸಾಕು" ಅಂದ.

"ಯಾಕೆ, ಅಡುಗೆಗಾ?"

"ಮತ್ತೆ? ಅಮ್ಮ ಈಗಲೇ ಉಪ್ಪಿನ ಡಬ್ಬ ಸಕ್ಕರೆ ಡಬ್ಬ ಅದಲುಬದಲು ಮಾಡಿಟ್ಟಿದ್ದಾರೆ."

"ಮಾಡಿದ್ದು ನಾನಲ್ಲ, ನಿನ್ನ ಮಗಳು" ಎಂದರು ಅತ್ತೆ ಒಳಗಿನಿಂದ. ಆಮೇಲೆ ಗೋಡೆ ಹಿಡಿದು ಬಂದು ಸೊಸೆಯ ಪಕ್ಕದಲ್ಲಿ ಕೂತರು. "ನನಗೆ ಎರಡು ಬೇಕು ಕಣೆ. ಆ ತುದೀಲಿ ಏನಿದೆ ಅಂತ ನೋಡ್ಕೊಂಡು ಬಾ. ಮತ್ತೆ ಅಲ್ಲಿಯವರೇ ಕೈಯಲ್ಲಿ ಮಾಡಿದ ಗೋಪುರ ಒಂದು ತಾ. ಮುಟ್ಟಿ ನೋಡ್ತೀನಿ."

"ಫೋನಲ್ಲಿ ಈಗಲೇ ನೋಡಿ ಹೇಳ್ಲಾ ಅತ್ತೆ?"

"ಬೇಡ ಬೇಡ. ಫೋನು ಯಾರದೋ ಕಣ್ಣು. ನೀನು ನೋಡು. ನಿನ್ನ ಕಣ್ಣು ನನ್ನ ಬ್ರಶ್ ಹಿಡಿದು ಬೆಳೆದದ್ದು."

"ಹಕ್ಕಿ ಇಲ್ದಿದ್ರೆ?"

"ಇಲ್ದೆ ಎಲ್ಲಿಗೆ ಹಾರಿ ಹೋಗುತ್ತೆ?" ಅತ್ತೆ ನಕ್ಕರು. ಆದರೆ ಸೊಸೆಯ ಸೆರಗಿನ ತುದಿ ಹಿಡಿದಿದ್ದ ಕೈ ಬಿಡಲಿಲ್ಲ. "ಇಲ್ದಿದ್ರೆ, ಇದ್ದ ಕಣ್ಣೆಲ್ಲ ಒಂದು ಸುಳ್ಳಿಗೆ ಸುರಿದೆ ಅಂತಾಯ್ತು, ಅಷ್ಟೇ."

ಆ 'ಅಷ್ಟೇ' ಅವಳ ಜೊತೆ ವಿಮಾನ ಹತ್ತಿತು.

ಮೇಳದ ಹಾಲಿನಲ್ಲಿ ಅವಳು ಕೂತು ಕೊಕ್ಕು ಮುಟ್ಟಿಸಿದಳು. ಜನ ನಿಂತು ಫೋಟೋ ತೆಗೆದರು. ಕೊನೆಯ ದಿನದ ಮಧ್ಯಾಹ್ನ ಮಾಲೀಕರು, "ಹೋಗು, ಊರು ನೋಡಿ ಬಾ" ಅಂದರು. ಅವರೇನೂ ಬರಲಿಲ್ಲ. ಅವರು ತಲೆಯೆತ್ತಿ ಗೋಪುರದ ಗಡಿಯಾರ ನೋಡುವವರಲ್ಲ, ತಲೆತಗ್ಗಿಸಿ ಕೈಗಡಿಯಾರ ನೋಡುವವರು.

ಎರಡು ಬೀದಿ ದಾಟಿದರೆ ಚೌಕ. ಚೌಕದ ನಡುವೆ ಗೋಪುರ. ಅವಳಿಗೆ ಮೊದಲು ಅನ್ನಿಸಿದ್ದು, ಅಬ್ಬ, ಎಷ್ಟು ದೊಡ್ಡದು ಅಂತ. ಇಷ್ಟು ದಿನ ಅಂಗೈಯಲ್ಲಿ ಹಿಡಿದದ್ದರ ಕಾಲ ಬಳಿ ಇರುವೆಯಂತೆ ನಿಂತಿದ್ದಳು. ಇಟ್ಟಿಗೆಯ ಬಣ್ಣ ಸರಿಯಾಗಿಯೇ ಇತ್ತು. ಗಡಿಯಾರದ ಮುಳ್ಳೂ ಸರಿ. ಬಿಸಿಲಿಗೆ ಕೈ ಅಡ್ಡ ಹಿಡಿದು ತುದಿ ನೋಡಿದಳು. ತುದಿಯಲ್ಲಿ ಒಂದು ಕಬ್ಬಿಣದ ಕಂಬಿ ನೆಟ್ಟಗೆ ನಿಂತಿತ್ತು. ಈ ಕಡೆಯಿಂದ ಕಾಣುತ್ತಿಲ್ಲವೇನೋ ಎಂದು ಸುತ್ತು ಹಾಕಿದಳು. ಆ ಕಡೆಯಿಂದಲೂ ಕಂಬಿಯೇ. ಕಳೆದುಹೋದ ಮಗುವನ್ನು ಹುಡುಕುವವಳ ಹಾಗೆ ಮತ್ತೊಂದು ಸುತ್ತು ಹಾಕಿದಳು.

ಚೌಕದ ಸುತ್ತಲೂ ನೆನಪಿನ ಸಾಮಾನಿನ ಅಂಗಡಿಗಳು. ಒಳಗೆ ಹೊಕ್ಕರೆ ಕಪಾಟು ತುಂಬ ಅವರದೇ ಗೋಪುರ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಯಿತು. ಒಂದೊಂದೇ ಎತ್ತಿ ನೋಡಿದಳು. ಇದು ನನ್ನ ಕೊಕ್ಕು. ಇದು ನಾನು ಬಾಣಂತಿಯಾಗಿದ್ದಾಗ ಬೇರೆ ಯಾರೋ ಮುಟ್ಟಿಸಿದ ಕೊಕ್ಕು, ಬಾತುಕೋಳಿ. ಅಂಗಡಿಯ ಹೆಂಗಸು ನಗುತ್ತಾ ಬಂದು ಹಕ್ಕಿಯನ್ನು ತೋರಿಸಿ ಏನೋ ಹೇಳಿದಳು. ಕೊಕ್ಕಿನಕ್ಕ ಫೋನು ಮುಂದೆ ಹಿಡಿದಳು. ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವ ಫೋನು ಅದು; ಆದರೆ ನಾಟಕದ ರಾಜನ ಹಾಗೆ ಮಾತಾಡುತ್ತಿತ್ತು.

"ಒಂದಾನೊಂದು ಕಾಲದಲ್ಲಿ ಈ ಗೋಪುರದ ಮೇಲೆ ಪಕ್ಷಿಯೊಂದು ಆಸೀನವಾಗಿತ್ತು. ಬಿರುಗಾಳಿಗೆ ಅದು ಪತನವಾಯಿತು. ಅದೃಷ್ಟಕ್ಕಾಗಿ ಕೊಕ್ಕನ್ನು ಸ್ಪರ್ಶಿಸಿರಿ."

ಇತ್ತು! ಹಕ್ಕಿ ಇತ್ತು! ಬಿದ್ದುಹೋಯಿತು ಅಷ್ಟೇ! ಅಂಗಡಿಯವಳ ಕೈ ಹಿಡಿದು ಕುಲುಕಿ ಹೊರಗೆ ಓಡಿಬಂದಳು. ಇನ್ನು ಅಲ್ಲಿಯವರ ಕೈಯಲ್ಲಾದ ಗೋಪುರ ಒಂದು ಸಿಕ್ಕಿಬಿಟ್ಟರೆ ಮುಗಿಯಿತು.

ಅದೂ ಸಿಕ್ಕಿತು. ಗೋಪುರದ ಬುಡದಲ್ಲೇ ಮಡಚುವ ಸ್ಟೂಲಿನ ಮೇಲೆ ಒಬ್ಬ ಮುದುಕಪ್ಪ ಕೂತು ಮರದಲ್ಲಿ ಗೋಪುರ ಕೆತ್ತುತ್ತಿದ್ದ. ಮುಂದೆ ಹಾಸಿದ ಬಟ್ಟೆಯ ಮೇಲೆ ಮಾಡಿಟ್ಟವು ಹಾಗೇ ಇದ್ದವು, ಕೊಳ್ಳುವವರಿಲ್ಲ. ಎತ್ತಿಕೊಂಡು ತುದಿ ನೋಡಿದಳು. ಸಣ್ಣ ಮೊಳೆ. "ಹಕ್ಕಿ?" ಎಂದು ಫೋನಿನಲ್ಲಿ ಕೇಳಿದಳು.

ಮುದುಕಪ್ಪನ ಮುಖ ಹುಳಿ ಕಚ್ಚಿದಂತಾಯಿತು. ಉಳಿಯನ್ನು ಕೆಳಗಿಟ್ಟು ಬಡಬಡನೆ ಮಾತಾಡಿದ. ಫೋನು ಮಾತ್ರ ಅದೇ ಸಕ್ಕರೆ ದನಿಯಲ್ಲಿ ಹೇಳಿತು: "ಪಕ್ಷಿಯು ಎಂದಿಗೂ ಇರಲಿಲ್ಲ. ನನ್ನ ತಂದೆ ಈ ಗಡಿಯಾರಕ್ಕೆ ಎಣ್ಣೆ ಹಾಕುತ್ತಿದ್ದರು, ಅವರ ನಂತರ ನಾನು. ಅದು ಸಿಡಿಲನ್ನು ತಡೆಯುವ ಕಂಬಿ. ಯಾವುದೋ ದೇಶದ ಮೂರ್ಖನು ಪಕ್ಷಿಯನ್ನು ಕೂರಿಸಿದನು. ಅಂಗಡಿಯವರು ಅದಕ್ಕೆ ಕಥೆ ಕಟ್ಟಿದರು. ಈಗ ಮಕ್ಕಳು ನನ್ನ ಗೋಪುರವನ್ನು ಎತ್ತಿ, ಪಕ್ಷಿ ಎಲ್ಲಿ ಎಂದು ಕೇಳಿ, ಕೆಳಗಿಟ್ಟು ಹೋಗುತ್ತಾರೆ."

ಮೂರ್ಖನಲ್ಲ, ನಮ್ಮತ್ತೆ, ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಫೋನು ಅದನ್ನೂ ಸಕ್ಕರೆ ದನಿಯಲ್ಲಿ ಹೇಳಿಬಿಡುತ್ತಿತ್ತು. ಬಟನ್ ಒತ್ತಲಿಲ್ಲ. ಒಂದು ಗೋಪುರ ಬೇಕೆಂದು ಕೈಸನ್ನೆ ಮಾಡಿದಳು. ಸುತ್ತಿಕೊಡುವಾಗ ಮುದುಕಪ್ಪ ಅವಳ ಉಗುರಿನ ಸಂದಿಯ ಹಳದಿ ಬಣ್ಣ ಕಂಡ. ತನ್ನ ಹೆಬ್ಬೆರಳಿನ ಹಳೆಯ ಗಾಯದ ಗುರುತು ತೋರಿಸಿ, 'ನೀನೂ ನಮ್ಮವಳೇ' ಎನ್ನುವ ಹಾಗೆ ನಕ್ಕ. ದಾರಿಯಲ್ಲಿ ಚುಚ್ಚದಿರಲಿ ಎಂದು ಮೊಳೆಯ ತುದಿಗೊಂದು ಮೇಣದ ಉಂಡೆ ಸಿಕ್ಕಿಸಿ ಕೊಟ್ಟ. ಅವನು ಒಳ್ಳೆಯವನಲ್ಲದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಹೋಟೆಲಿನ ರೂಮಿಗೆ ಬಂದು, ಮಂಚದ ತುದಿಯಲ್ಲಿ ಕೂತು, ಆ ಮೇಣದ ಉಂಡೆಯನ್ನೇ ತಿದ್ದಿ ಹಕ್ಕಿ ಮಾಡಲು ನೋಡಿದಳು. ಕತ್ತು ಬಂತು, ನಿಲ್ಲಲಿಲ್ಲ. ಹೀಟರಿನ ಬಿಸಿಗೆ ಬಾಗಿ ಕಾಲು ನೋಡತೊಡಗಿತು. ಬಂದರೂ ಏನು? ಮರ ಯಾವುದು ಮೇಣ ಯಾವುದು ಎಂದು ತಿಳಿಯದ ಬೆರಳೇ ಅತ್ತೆಯದು? ಮೇಣ ಕಿತ್ತು ಬುಟ್ಟಿಗೆ ಹಾಕಿದಳು. ನಿಜ ಹೇಳಿದರೆ ಅತ್ತೆಯ ಜನ್ಮವನ್ನೇ ಅಲ್ಲಗಳೆದಂತೆ, ಹೇಳದಿದ್ದರೆ ಬೆರಳಿಗೆ ಏನು ಕೊಡುವುದು? ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅಂಗಡಿ ಬಾಗಿಲು ಹಾಕುವ ಮುಂಚೆ ಓಡಿಹೋಗಿ ಅತ್ತೆಗೆಂದು ಮೆತ್ತಗಿನ ಒಂದು ಶಾಲು ಕೊಂಡಳು. ಗೋಪುರವನ್ನು ತನ್ನ ಸೀರೆಯೊಳಗೆ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದಳು.

ಮನೆಗೆ ಬಂದಾಗ ಮಗು ಒಂದು ಗಳಿಗೆ ಅಜ್ಜಿಯ ಹಿಂದೆ ಅಡಗಿ, ಆಮೇಲೆ ಗಂಟೆ ಗಲಗಲ ಅನ್ನಿಸುತ್ತಾ ಬಂದು ಸೊಂಟಕ್ಕೆ ಹತ್ತಿತು. ಇಳಿಯಲಿಲ್ಲ. ಅತ್ತೆ ಶಾಲನ್ನು ಕೆನ್ನೆಗೆ ಒತ್ತಿಕೊಂಡು, "ಚೆನ್ನಾಗಿದೆ" ಎಂದು ಪಕ್ಕಕ್ಕಿಟ್ಟು, ಕೈ ಚಾಚಿದರು. "ಗೋಪುರ ಎಲ್ಲಿ?"

"ಕೈಯಲ್ಲಿ ಮಾಡಿದ್ದು ಸಿಗಲಿಲ್ಲ ಅತ್ತೆ. ಅಂಗಡಿ ತುಂಬ ನಮ್ಮದೇ."

"ನಮ್ಮದೇನಾ?" ಅತ್ತೆ ಬಿದ್ದು ಬಿದ್ದು ನಕ್ಕರು. "ಹಾಳಾದವರು, ತಮ್ಮೂರ ಗೋಪುರನೂ ತಾವು ಮಾಡ್ಕೊಳಲ್ವಾ?" ನಗು ನಿಂತಿತು. "ಹಕ್ಕಿ?"

ವಿಮಾನದಲ್ಲಿ ಅವಳು ಈ ಪ್ರಶ್ನೆಗೆ ಏನೇನೋ ಉತ್ತರ ಜೋಡಿಸಿದ್ದಳು. ಬಿದ್ದುಹೋದ ಹಕ್ಕಿಯ ಕಥೆಯೂ ಅದರಲ್ಲಿತ್ತು. ಆದರೆ ಎದುರಿಗೆ ಆ ಮುಖ, ಕಿವಿಯೇ ಕಣ್ಣಾಗಿ ಇವಳ ಕಡೆ ಬಾಗಿದ ಆ ಮುಖ.

"ಇದೆ ಅತ್ತೆ."

"ಇದೆಯಾ?"

"ಇದೆ."

ಅತ್ತೆ ಇವಳ ಕೈ ತಡಕಿ ಮಣಿಕಟ್ಟು ಹಿಡಿದರು. "ನಾನು ಮಾಡಿದ ಹಾಗೇನಾ? ಪೂರ್ತಿ ಹಾಗೇನಾ? ನನ್ನ ಸಮಾಧಾನಕ್ಕೆ ಹೇಳಬೇಡ ಕಣೆ. ನೋಡದೇ ಮಾಡಿದ್ದು ಪೂರ್ತಿ ಹಾಗೇ ಇರೋಕೆ ಸಾಧ್ಯನಾ?"

ಸುಳ್ಳು ನಂಬಿಕೆಗೆ ಬರಬೇಕಾದರೆ ಚಿಟಿಕೆ ಉಪ್ಪು ಬೇಕು. ಅವಳು ಹಾಕಿದಳು. "ಎಲ್ಲ ಹಾಗೇ ಇದೆ. ತಲೆ ಮಾತ್ರ ಆ ಕಡೆ ತಿರುಗಿದೆ, ಬಲಕ್ಕೆ."

ಮಣಿಕಟ್ಟು ಹಿಡಿದ ಕೈ ಸಡಿಲವಾಯಿತು. ನಂಬಿದರು. ನಂಬಿದ್ದೇ ತಪ್ಪಾಯಿತು.

"ಬಲಕ್ಕಾ?" ಅತ್ತೆ ಸಣ್ಣ ದನಿಯಲ್ಲಿ ಅಂದರು. "ನಾನು ಎಡಕ್ಕೆ ತಿರುಗಿಸಿದ್ದೆ. ಹಾಗಾದ್ರೆ ಇಷ್ಟು ವರ್ಷವೂ ತಪ್ಪೇ ಮಾಡಿ ಕಳಿಸ್ದೆ. ಕೊಂಡವರು ತಲೆಯೆತ್ತಿ ನೋಡಿ ನಕ್ಕಿರ್ತಾರೆ, ಅಲ್ವಾ?"

"ಯಾರೂ ನಗಲ್ಲ ಅತ್ತೆ. ಅಷ್ಟು ಎತ್ತರ, ಸರಿಯಾಗಿ ಕಾಣೋದೂ ಇಲ್ಲ."

"ನಿನಗೆ ಕಂಡಿತಲ್ಲ."

ಅವಳು ಸೊಂಟದ ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಂಡಳು.

ಎರಡು ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಮಗುವಿನ ಗಂಟೆ ನಿಂತರೂ ಏಳಲಿಲ್ಲ. ಮಗು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದೊಳಗೆ ಕೂತಿತ್ತು. ಮೂರನೆಯ ದಿನ ಮಗನ ಕೈಲಿ ಮಾಲೀಕರಿಗೆ ಹೇಳಿ ಕಳಿಸಿದರು: ಹಕ್ಕಿಯನ್ನು ತಿದ್ದಬೇಕು. ಮಾಲೀಕರಿಗೂ ಅನುಕೂಲವೇ ಆಯಿತು. "ಹಳೇ ಅಚ್ಚು ಹೇಗೂ ಸವೆದಿದೆ, ಹೊಸದು ತೆಗೆಸೋಣ. ಅಮ್ಮನೇ ಮಾಡ್ಲಿ" ಎಂದು ಒಂದು ಗೋಪುರವನ್ನೂ ಅಂಟುಮುದ್ದೆಯ ಪೊಟ್ಟಣವನ್ನೂ ಮನೆಗೇ ಕಳಿಸಿದರು.

ಗಂಡನಿಗೆ ಅವಳು ಎಲ್ಲ ಹೇಳಿದ್ದಳು. ಅವನು ತಲೆ ಕೆರೆದುಕೊಂಡು, "ಈಗ ಹೇಳಿದ್ರೆ ಅಮ್ಮಂಗೆ ಹಕ್ಕಿನೂ ಹೋಯ್ತು, ಸೊಸೆನೂ ಹೋದ್ಲು" ಅಂದು ಎದ್ದು ಹೋಗಿದ್ದ. ಮರದ ಗೋಪುರ ಅಟ್ಟದ ಪೆಟ್ಟಿಗೆಯಲ್ಲಿ, ಮಗುವಿಗೆ ಚಿಕ್ಕದಾದ ಅಂಗಿಗಳ ಕೆಳಗಿತ್ತು. ಅದರ ಮೊಳೆ ಎರಡು ಅಂಗಿಗಳಿಗೆ ಆಗಲೇ ತೂತು ಮಾಡಿತ್ತು.

ಅತ್ತೆ ಕಿಟಕಿಯ ಬೆಳಕಿಗೆ ಕೂತರು. ಬೆಳಕು ಬೇಡದಿದ್ದರೂ ಅಭ್ಯಾಸ. ಕೊಕ್ಕಿನಕ್ಕ ಎರಡು ಬಣ್ಣದ ಮುದ್ದೆಯನ್ನು ಅಂಗೈಯಲ್ಲಿ ಕಲಸಿದಳು. ಒಂದೇ ಬಣ್ಣವಾಗುವ ತನಕ ಕಲಸಬೇಕು, ಒಂದಾದ ಮೇಲೆ ತಡಮಾಡಬಾರದು, ಕಲ್ಲಾಗುತ್ತದೆ. ಕೊಟ್ಟಳು. ಅತ್ತೆಯ ಬೆರಳುಗಳು ಹೊಟ್ಟೆ ಮಾಡಿದವು, ರೆಕ್ಕೆ ಮಾಡಿದವು, ಕತ್ತನ್ನು ಹಿಂಡಿ ಎಳೆದು ಮೆಲ್ಲಗೆ ಬಲಕ್ಕೆ ತಿರುಗಿಸಿದವು. ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಕೆಲಸದ ಗಾಂಭೀರ್ಯ ಬಂದಿತ್ತು.

"ಇಷ್ಟು ತಿರುಗಿದೆಯಾ? ಇನ್ನೂ ಸ್ವಲ್ಪನಾ? ಮುದ್ದೆ ಗಟ್ಟಿಯಾಗೋ ಮುಂಚೆ ಹೇಳು."

ಕಾಲ ಬಳಿ ಮಗುವಿನ ಗಂಟೆ ಆಡುತ್ತಿತ್ತು. ಗೋಪುರದ ಬುಡದ ಸ್ಟೂಲು, ಕೊಳ್ಳುವವರಿಲ್ಲದ ಬಟ್ಟೆ, ಗಾಯದ ಹೆಬ್ಬೆರಳು ತೋರಿಸಿ ನಕ್ಕ ಮುಖ ಅವಳ ಕಣ್ಣಮುಂದೆ ಬಂದವು. ಹೊಸ ಹಕ್ಕಿಗಳೂ ಆ ಚೌಕಕ್ಕೇ ಹೋಗುತ್ತವೆ.

"ಹೇಳೇ."

"ಇನ್ನು ಸ್ವಲ್ಪ ಅತ್ತೆ" ಎಂದಳು. "ಹ್ಞಾಂ. ಸಾಕು."

ಅತ್ತೆ ಎಡ ರೆಕ್ಕೆಯ ಕೆಳಗೆ ಹೆಬ್ಬೆಟ್ಟು ಇಟ್ಟು ಗಟ್ಟಿಯಾಗಿ ಒತ್ತಿದರು.