ಡಾಂಬರು ಮುಗಿಯುವ ತಿರುವಿನಲ್ಲಿ ಹೂವಪ್ಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸರಿಮರದ ತಿರುವಿನಲ್ಲಿ, ಸೋಗೆ ಹೊದಿಸಿದ ಗೂಡಿನ ಮುಂದೆ, ಹೂವಪ್ಪ ಲಾರಿಯೊಂದರ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಬೆನ್ನಿಗೆ ಮಳೆಗೆ ಹೊದೆಯುವ ಗೊರಬು, ಕೈಯಲ್ಲಿ ಕಬ್ಬಿಣದ ಚೈನು. ಕೈ ತನ್ನ ಪಾಡಿಗೆ ತಾನು ಚೈನಿನ ಸಿಕ್ಕು ಬಿಡಿಸುತ್ತಿದೆ, ಕಿವಿ ಮಾತ್ರ ಗುಡ್ಡದ ಕಡೆಗಿದೆ. ಮರದಿಂದ ದಪ್ಪ ಹನಿಯೊಂದು ಲಾರಿಯ ತಗಡಿನ ಮೇಲೆ ಬಿದ್ದರೂ ತಲೆ ಎತ್ತುತ್ತಾನೆ, ಮತ್ತೆ ತಗ್ಗಿಸುತ್ತಾನೆ.

ಅವನ ಹೆದರಿಕೆ ಏನೆಂದು ತಿಳಿಯಲು ಅವನನ್ನು ಮಾತಾಡಿಸಬೇಕಾಗಿಲ್ಲ, ಗೂಡಿನ ಗೋಡೆ ನೋಡಿದರೆ ಸಾಕು. ಅಲ್ಲಿ ಎರಡು ಟೈರು ಒರಗಿವೆ. ನಿನ್ನೆ ಮಧ್ಯಾಹ್ನ ಒರಗಿಸಿದ್ದು, ಇವತ್ತು ಬೆಳಗಾದರೂ ಅಲ್ಲೇ ಇವೆ.

ಎರಡು ಟೈರಿಗೆ ಇಷ್ಟೆಲ್ಲ ಗಾಬರಿಯೇ ಎನ್ನುವವರು ಸ್ವಲ್ಪ ತಾಳಬೇಕು. ಹೊಸನಗರದಿಂದ ಬರುವ ಡಾಂಬರು ರಸ್ತೆ ಈ ತಿರುವಿಗೆ ಬಂದು ನಿಂತುಬಿಡುತ್ತದೆ. ಮೊದಲು ನಿಲ್ಲುತ್ತಿರಲಿಲ್ಲ. ಮೂರು ಮಳೆಗಾಲದ ಹಿಂದೆ ಲಿಂಗನಮಕ್ಕಿಯ ಹಿನ್ನೀರು ಏರಿ ಹಳೇ ರಸ್ತೆ ಮುಳುಗಿತು. ಅದರ ಬದಲಿಗೆ ಗುಡ್ಡ ಕಡಿದು ಒಂದು ದಾರಿ ಮಾಡಿದ್ದಾರೆ, ದಾರಿ ಎನ್ನುವುದು ದೊಡ್ಡ ಮಾತಾಯಿತು. ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಮೊಣಕಾಲು ಮಟ್ಟ ಕೆಸರು. ಗುಡ್ಡ ಹತ್ತಿ ಆಚೆ ಇಳಿದರೆ ದೋಣಿಯ ಕಡವು, ದೋಣಿ ದಾಟಿದರೆ ಸಾಗರದ ಕಡೆಯ ಊರುಗಳು.

ಡಾಂಬರಿನ ಮೇಲೆ ಓಡುವ ಸಾದಾ ಟೈರು ಈ ಕೆಸರಿನಲ್ಲಿ ಗಿರಗಿರ ತಿರುಗುತ್ತದೆಯೇ ಹೊರತು ಗಾಡಿ ಒಂದು ಮಾರೂ ಮುಂದೆ ಹೋಗುವುದಿಲ್ಲ. ಕೆಸರಿಗೆ ಬಟನ್ ಟೈರೇ ಆಗಬೇಕು, ಮೈಮೇಲೆಲ್ಲ ದಪ್ಪ ಗುಬುಟು ಇರುವಂಥದು. ಅದೇ ಬಟನ್ ಟೈರನ್ನು ಒದ್ದೆ ಡಾಂಬರಿನ ಮೇಲೆ ಓಡಿಸಿದರೆ ಬ್ರೇಕು ಒತ್ತಿದ ಕಡೆ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಒಳಗೆ ಹೋಗುವ ಕಾರುಗಳೆಲ್ಲ ಇಲ್ಲಿ ನಿಲ್ಲುತ್ತವೆ. ಹೂವಪ್ಪ ಜಾಕು ಕೊಟ್ಟು ಹಿಂದಿನ ಎರಡು ಚಕ್ರ ಬಿಚ್ಚುತ್ತಾನೆ, ಬೇರೆ ಎರಡು ಹಾಕುತ್ತಾನೆ, ಗಾಳಿ ಇಳಿಸುತ್ತಾನೆ, ಮಳೆ ಜೋರಿದ್ದರೆ ಮೇಲೆ ಚೈನು ಕಟ್ಟುತ್ತಾನೆ. ಬಿಚ್ಚಿದ್ದನ್ನು ಗೋಡೆಗೆ ಒರಗಿಸುತ್ತಾನೆ. ಕಾರು ವಾಪಸು ಬಂದಾಗ ಎಲ್ಲ ತಿರುಗಾಮುರುಗಾ. ಮಳೆಗಾಲದಲ್ಲಿ ದಿನಕ್ಕೆ ಆರೇಳು ಗಾಡಿ, ಒಮ್ಮೊಮ್ಮೆ ಹತ್ತು.

"ಗೋಡೆ ಖಾಲಿ ಆಗ್ದೆ ನಾನು ಮನೆಗೆ ಹೋದೋನಲ್ಲ. ಟೈರು ಇಲ್ಲಿದೆ ಅಂದ್ರೆ ಜನ ಒಳಗಿದ್ದಾರೆ ಅಂತ. ಅವರನ್ನ ಒಳಗೆ ಬಿಟ್ಟು ನಾನು ಹೋಗಿ ಉಣ್ಲಾ?" ಎನ್ನುತ್ತಾನೆ ಹೂವಪ್ಪ.

ನಿನ್ನೆ ರಾತ್ರಿ ಅವನು ಉಣ್ಣಲಿಲ್ಲ. ಗೋಡೆಗೆ ಒರಗಿರುವ ಆ ಎರಡು ಟೈರು ಹೊಸನಗರದ ಸಾಹುಕಾರರೊಬ್ಬರ ಬಾಡಿಗೆ ಕಾರಿನವು. ಕಾರು ಓಡಿಸುವವನು ದುಗ್ಗಪ್ಪ, ಹೂವಪ್ಪನ ಹೆಂಡತಿ ಕೆರಿಯಮ್ಮನ ಬೆನ್ನಿಗೆ ಬಿದ್ದ ತಮ್ಮ. ತಾಯಿ ಬೇಗ ಸತ್ತಿದ್ದರಿಂದ ಕೆರಿಯಮ್ಮನೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ನಿನ್ನೆ ಅವನ ಕಾರಿನಲ್ಲಿದ್ದವರು ಮಹಾಲಕ್ಷ್ಮಮ್ಮ, ಕಡವಿನಾಚೆ ಮಗಳ ಮನೆಗೆ ಹೊರಟಿದ್ದ ತೋಟದ ಮನೆಯ ಹಿರಿಯ ಹೆಂಗಸು, ಜೊತೆಗೆ ಅವರ ಅಳಿಯ. ಕಾರಿನಿಂದ ತಲೆ ಹೊರಗೆ ಹಾಕಿ ಆಕೆ ಕೇಳಿದ್ದರು, "ಹೂವಪ್ಪಾ, ಮಳೆ ಜೋರಿದ್ದು. ಗಾಡಿ ಹೋಗ್ತಾ ಎಂತ?"

"ಹೋಗ್ತದಮ್ಮ, ನೀವು ಧೈರ್ಯವಾಗಿ ಕೂತ್ಕೊಳ್ಳಿ" ಎಂದಿದ್ದ ಹೂವಪ್ಪ. ಈಗ ಆ ಮಾತು ಎದೆಯೊಳಗೆ ಮುಳ್ಳಿನ ಹಾಗೆ ಚುಚ್ಚುತ್ತಿದೆ.

ಮಳೆ ಹಿಡಿದು ಇನ್ನೂ ನಾಲ್ಕು ದಿನ, ಈ ಸಲ ಒಳಗೆ ಹೊರಟ ಮೊದಲ ಕಾರೇ ದುಗ್ಗಪ್ಪನದು. "ಬಾವಾ, ಯಾವ್ದು ಹಾಕ್ಲಿ?" ಎಂದು ಕೇಳಿದ್ದ. ಡಿಕ್ಕಿಯಲ್ಲಿ ಎರಡು ಥರದ್ದು ತಂದಿದ್ದ. ಒಂದು ಜೊತೆ ಹೊಸ ಬಟನ್ ಟೈರು, ಇನ್ನೊಂದು ಜೊತೆ ಶಿವಮೊಗ್ಗದ ಅಂಗಡಿಯವರು ರಸ್ತೆಗೂ ಕೆಸರಿಗೂ ಆಗುತ್ತದೆಂದು ಹೊಗಳಿ ಕಟ್ಟಿದ ಹೊಸ ಮಾದರಿ. ಹೂವಪ್ಪ ಅದರ ಮೈ ಮೇಲೆ ಹೆಬ್ಬೆರಳು ಆಡಿಸಿ ಮೂತಿ ತಿರುವಿದ. "ಎರಡಕ್ಕೂ ಆಗೋದು ಅಂದ್ರೆ ಎರಡಕ್ಕೂ ಅರ್ಧ ಆಗೋದು ಕಣಾ. ಇಷ್ಟು ಮಳೆಗೆ ಬಟನ್ನೇ ಹಾಕು, ಮೇಲೆ ಚೈನು ಕಟ್ತೀನಿ, ದೋಣಿಯವರೆಗೂ ಬಿಚ್ಬೇಡ." ತಾನೇ ಕಟ್ಟಿ, ಎಳೆದು ನೋಡಿ, ಎಂದಿನಂತೆ ಕೊನೆಗೊಂದು ಮಾತು ಹೇಳಿ ಕಳಿಸಿದ. ಎಲ್ಲ ಡ್ರೈವರುಗಳಿಗೂ ಹೇಳುವ ಮಾತು ಅದು, "ಚಕ್ರದ ಸದ್ದು ಬದ್ಲಾದ್ರೆ ನಿಧಾನ ಮಾಡು." ಹೇಳಿ ಹೇಳಿ ಅದು ಈಗ ಹೋಗಿ ಬಾ ಎಂದಷ್ಟೇ ಸಲೀಸಾಗಿದೆ. ಎಷ್ಟು ಜನ ಕೇಳಿಸಿಕೊಳ್ಳುತ್ತಾರೋ ದೇವರೇ ಬಲ್ಲ.

ಆಮೇಲೆ ಸಂಜೆಯಾಯಿತು. ಕಾರು ಬರಲಿಲ್ಲ. ಕಾಯುತ್ತ ಕೂತ ಹೂವಪ್ಪನ ಕೈಗೆ ಗೂಡಿನ ಹಲಗೆಯ ಮೇಲಿದ್ದ ಒಂದು ಜಲ್ಲಿಚೂರು ಸಿಕ್ಕಿತು. ಮೂರು ದಿನದ ಹಿಂದೆ ತೀರ್ಥಹಳ್ಳಿಯ ಅಂಜನಪ್ಪನ ಲಾರಿ ಒಳಗಿಂದ ವಾಪಸು ಬಂದಾಗ, ಎರಡು ಚಕ್ರದ ನಡುವೆ ಸಿಕ್ಕಿಕೊಂಡಿದ್ದನ್ನು ಕಿತ್ತು ಅಲ್ಲಿಟ್ಟಿದ್ದ. ಸುಮ್ಮನೆ ಮೂಸಿ ನೋಡಿದ. ಮತ್ತೆ ಮೂಸಿದ, ಎದ್ದು ನಿಂತ.

ಏಕೆಂದರೆ ಹೂವಪ್ಪನಿಗೆ ಒಳಗಿನ ದಾರಿ ಗೊತ್ತಿರುವುದು ಟೈರಿಗೆ ಅಂಟಿಕೊಂಡು ಬರುವ ಮಣ್ಣಿನಿಂದ ಮಾತ್ರ. ಕೆಂಪು ಬಂದರೆ ಗುಡ್ಡ ಕುಸಿದಿದೆ, ಕಪ್ಪು ಜೇಡಿ ಬಂದರೆ ಹಳೇ ಗದ್ದೆಯ ಬಯಲಿನಲ್ಲಿ ನೀರು ನಿಂತಿದೆ. ಅಷ್ಟರ ಮೇಲೆಯೇ ಅವನ ಲೆಕ್ಕಾಚಾರವೆಲ್ಲ. ಕಣ್ಣಾರೆ ಒಂದು ದಿನವೂ ಆ ದಾರಿಯನ್ನು ಕಂಡವನಲ್ಲ. ಈ ತಿರುವಿನ ಡಾಂಬರಿನ ಜಲ್ಲಿ ಹಳತು, ಬಿಳಿಚಿಕೊಂಡಿದೆ. ಈ ಚೂರಿಗೆ ಹೊಸ ಡಾಂಬರಿನ ವಾಸನೆ. ಅಂದರೆ ಒಳಗೆಲ್ಲೋ ಡಾಂಬರು ಬಿದ್ದಿದೆ, ಒದ್ದೆ ಡಾಂಬರಿನ ಮೇಲೆ ಜಾರುವ ಕಬ್ಬಿಣದ ಚೈನು ಕಟ್ಟಿ ತಾನೇ ದುಗ್ಗಪ್ಪನನ್ನು ಅಲ್ಲಿಗೆ ಕಳಿಸಿಬಿಟ್ಟಾಯಿತು.

ಈ ಮುಂಜಾನೆ ಬಂದಿರುವುದೂ ಅದೇ ಅಂಜನಪ್ಪನ ಲಾರಿ, ಅಕ್ಕಿಮೂಟೆ ತುಂಬಿಕೊಂಡು. ಹೂವಪ್ಪ ಚೈನನ್ನು ಅರ್ಧಕ್ಕೇ ಬಿಟ್ಟು ಜಲ್ಲಿಚೂರು ಹಿಡಿದು ಎದ್ದು ನಿಲ್ಲುತ್ತಾನೆ. "ಅಂಜನಪ್ಪ, ಒಳಗೆ ಡಾಂಬರು ಹಾಕಿದ್ದಾರೇನೋ?"

"ಹೌದಲ್ಲ ಮಾರಾಯ! ಗುಡ್ಡದ ನೆತ್ತಿಯಿಂದ ಕಡವಿನವರೆಗೆ, ಇಳಿಜಾರು ಪೂರ್ತಿ. ಮಳೆ ಹಿಡಿಯೋಕೆ ಮುಂಚೆ ಆಚೆ ದಡದಿಂದ ದೋಣಿಯಲ್ಲಿ ಸಾಮಾನು ತಂದು ಹಾಕಿದ್ರು. ನಿನಗೆ ಗೊತ್ತಿಲ್ವಾ? ಗೊತ್ತಿರ್ತದೆ ಅಂತ ನಾನು ಹೇಳ್ಲೇ ಇಲ್ಲ."

"ಮತ್ತೆ ಅಲ್ಲಿ ಚೈನು?"

"ಬಿಚ್ಬೇಕು. ಆದ್ರೆ ಆ ಮಳೆಯಲ್ಲಿ, ಆ ಕೆಸರಲ್ಲಿ ಯಾರು ಇಳಿದು ಬಿಚ್ತಾರೆ? ನಮ್ಮದು ಭಾರದ ಲಾರಿ, ಹೆಂಗೋ ಕಚ್ಚಿ ನಿಲ್ತದೆ. ಕಾರಾದ್ರೆ..." ಅಂಜನಪ್ಪನ ಕಣ್ಣು ಗೋಡೆಯ ಕಡೆ ಹೋಗುತ್ತದೆ. ಚೈನಿನ ಇನ್ನೊಂದು ತುದಿ ತಾನೇ ಹಿಡಿದು ಕಟ್ಟಿಸಿಕೊಂಡು ಲಾರಿ ಹತ್ತುತ್ತಾನೆ. "ಸಿಕ್ಕಿದ್ರೆ ಎಳ್ಕೊಂಡು ಬರ್ತೀನಿ, ಹೆದರ್ಬೇಡ" ಎಂದು ಕೂಗಿ ಹೋಗುತ್ತಾನೆ. ಹೆದರಬೇಡ ಎಂದಷ್ಟು ಸುಲಭವಾಗಿ ಯಾರು ತಾನೇ ಹೆದರದೆ ಇದ್ದಾರು?

ಕೆರಿಯಮ್ಮ ಗಂಜಿಯ ಪಾತ್ರೆ ಹಿಡಿದು ಬರುತ್ತಾಳೆ. ಗೋಡೆ ನೋಡುತ್ತಾಳೆ, ನಿನ್ನೆ ತಮ್ಮ ಒಳಗೆ ಹೋದದ್ದು ಅವಳಿಗೆ ಗೊತ್ತು. ಪಾತ್ರೆ ಕೆಳಗಿಟ್ಟು ಒಂದೇ ಮಾತು ಕೇಳುತ್ತಾಳೆ.

"ನನ್ನ ತಮ್ಮಂಗೆ ಏನು ಹಾಕಿ ಕಳ್ಸಿದ್ರಿ?"

ಹೂವಪ್ಪ ಸುಳ್ಳು ಹೇಳುವವನಲ್ಲ. ಹೇಳುತ್ತಾನೆ. ಅವಳು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಆ ಟೈರುಗಳ ಪಕ್ಕದಲ್ಲೇ ನೆಲಕ್ಕೆ ಕೂರುತ್ತಾಳೆ. "ಒಂದು ಸಲ ಆ ದಾರಿಯಲ್ಲಿ ಹೋಗಿ ನೋಡಿ ಬನ್ನಿ ಅಂತ ಎಷ್ಟು ಸಲ ಹೇಳಿದೀನಿ. ಎಷ್ಟು ಸಲ!"

ಹೇಳಿದ್ದು ನಿಜ. ಹೂವಪ್ಪ ಹೋಗದೆ ಇರುವುದಕ್ಕೆ ಕಾರಣವೂ ಅವಳಿಗೆ ಗೊತ್ತು. ಗುಡ್ಡದ ನೆತ್ತಿಯಿಂದ ಕೆಳಗೆ ನೋಡಿದರೆ ಕಾಣುವ ನೀರಿನಡಿಯಲ್ಲೇ ಅವರ ಕೆಳಗದ್ದೆ ಎಂಬ ಊರು ಇದ್ದದ್ದು. ಗೇಣಿಯ ಗದ್ದೆ, ಸ್ವಂತದ ಮನೆ, ಹೂವಪ್ಪನ ಅಪ್ಪ ನೆಟ್ಟ ಎರಡು ಹಲಸಿನ ಮರ. ಊರು ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಹೂವಪ್ಪ ಸೇರಿದ್ದು ಅಣೆಕಟ್ಟಿನ ಕಾಮಗಾರಿಯ ಲಾರಿಗಳಿಗೆ ಟೈರು ಬಿಚ್ಚಿ ಹಾಕುವ ಕೂಲಿಗೆ. ವಿಧಿಯ ಕುಚೋದ್ಯ ನೋಡಿ, ಮನೆ ಮುಳುಗಿಸಿದ ಕೆಲಸವೇ ಕಸುಬು ಕಲಿಸಿತು. ಕಾಮಗಾರಿ ಮುಗಿದ ಮೇಲೆ ಈ ತಿರುವಿಗೆ ಬಂದು ಗೂಡು ಹಾಕಿದ. ಇಲ್ಲಿಂದ ಮುಂದಕ್ಕೆ ಮಾತ್ರ ಒಂದು ಹೆಜ್ಜೆ ಇಟ್ಟಿಲ್ಲ.

"ಅಲ್ಲೇನು ನೋಡೋದಿದೆ ಸ್ವಾಮಿ? ನೀರು" ಎನ್ನುತ್ತಿದ್ದ, ಯಾರಾದರೂ ಕೇಳಿದರೆ. ಇವತ್ತು, "ನಾನು ನೀರಿಗೆ ಹೆದರಿ ಕೂತೆ. ಆ ಹುಡುಗ ಅದೇ ನೀರಿಗೆ ಬಿದ್ದಿದ್ರೆ?" ಎಂದು ತನ್ನಷ್ಟಕ್ಕೆ ಗೊಣಗುತ್ತಾನೆ. ಗಂಜಿ ಆರುತ್ತದೆ. ಎರಡು ಗಾಡಿ ಬರುತ್ತವೆ, ಮುಂದೆ ಹೋಗಬೇಡಿ ಎಂದು ಎರಡನ್ನೂ ನಿಲ್ಲಿಸಿ ಕೂರಿಸುತ್ತಾನೆ. ಯಾವ ಟೈರು ಹಾಕಬೇಕೆಂದು ಹೂವಪ್ಪನಿಗೆ ತಿಳಿಯದೆ ಹೋದದ್ದು ಈ ತಿರುವಿನಲ್ಲಿ ಇದೇ ಮೊದಲು.

ಬಿಸಿಲು ಇಣುಕುವ ಹೊತ್ತಿಗೆ ಗುಡ್ಡದ ಮೇಲೆ ಎಂಜಿನ್ನಿನ ಸದ್ದು. ಹೂವಪ್ಪ ಕಿವಿಗೊಟ್ಟು ಕೇಳುತ್ತಾನೆ. ಲಾರಿಯದಲ್ಲ. ಕೆರಿಯಮ್ಮ ಎದ್ದು ನಿಂತೇಬಿಟ್ಟಿದ್ದಾಳೆ. ತಿರುವಿನಲ್ಲಿ ಕೆಸರು ಮೆತ್ತಿದ ಕಾರು ಕಾಣಿಸುತ್ತದೆ, ಹಿಂದಿನ ಮಡ್‌ಗಾರ್ಡು ಒಳಕ್ಕೆ ನುಗ್ಗಿದೆ, ಒಳಗೆ ದುಗ್ಗಪ್ಪ ಒಬ್ಬನೇ.

"ಮಹಾಲಕ್ಷ್ಮಮ್ಮ?" ಹೂವಪ್ಪ ಹಿಂದಿನ ಸೀಟಿನ ಕಡೆ ಇಣುಕುತ್ತಾನೆ.

"ಆಚೆ ದಡ ಸೇರಿ ಮಗಳ ಮನೆಯಲ್ಲಿ ದೋಸೆ ತಿಂತಿರ್ತಾರೆ ಬಾವಾ" ಎಂದು ದುಗ್ಗಪ್ಪ ನಗುತ್ತಾನೆ. ನಡೆದದ್ದನ್ನು ಹೇಳುತ್ತಾನೆ. ನೆತ್ತಿ ದಾಟಿದ ಕೂಡಲೇ ಚೈನು ಖಣಖಣ ಅನ್ನತೊಡಗಿತಂತೆ. "ಸದ್ದು ಬದ್ಲಾದ್ರೆ ನಿಧಾನ ಮಾಡು ಅಂತ ನೀವು ಹೇಳಿದ್ರಲ್ಲ, ಮಾಡ್ದೆ. ಆದ್ರೂ ಜಾರಿತು. ಹಿಂದಿನ ಭಾಗ ತಿರುಗಿ, ಪಕ್ಕದಲ್ಲಿ ಮಿಕ್ಕ ಜಲ್ಲಿ ರಾಶಿ ಇತ್ತು, ಅದಕ್ಕೆ ಬಡಿದು ನಿಂತಿತು. ಸ್ವಲ್ಪ ಜೋರಿದ್ದಿದ್ರೆ ಸೀದಾ ನೀರೇ. ಆಯಮ್ಮ ಇಳಿದು, 'ಎಂಗೊ ಇಬ್ರೂ ನಡ್ಕಂಡೇ ಹೋಗ್ತ್ಯ, ಹೆದರಿಕೆ ಎಂತೂ ಇಲ್ಲೆ' ಅಂತ ಅಳಿಯನ ಕೈ ಹಿಡಿದು ಹೊರಟೇಬಿಟ್ರು. ನಾನು ಕಾರಲ್ಲೇ ಮಲಗಿದ್ದೆ. ಬೆಳಿಗ್ಗೆ ಅಂಜನಪ್ಪ ಹಗ್ಗ ಹಾಕಿ ಎಳೆದ."

ಕೆರಿಯಮ್ಮ ತಮ್ಮನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅವನ ತಲೆ ಒರೆಸುತ್ತ ಅಳುತ್ತಾಳೆ. ಹೂವಪ್ಪ ಜಾಕು ತೆಗೆದುಕೊಳ್ಳುತ್ತಾನೆ. ಹೊಸ ಬಟನ್ ಟೈರು ಬಿಚ್ಚುತ್ತಾನೆ. ಆದರೆ ಗೋಡೆಗೆ ಒರಗಿದ ಸಾದಾ ಟೈರು ಮುಟ್ಟುವುದಿಲ್ಲ. ಡಿಕ್ಕಿ ತೆಗೆದು, ನಿನ್ನೆ ತಾನು ಮೂತಿ ತಿರುವಿದ್ದ ಆ ಎರಡಕ್ಕೂ ಅರ್ಧ ಆಗುವ ಟೈರನ್ನು ಹೊರಗೆಳೆಯುತ್ತಾನೆ.

"ಇದನ್ನೇ ಹಾಕ್ತೀನಿ. ಕೆಸರಿರೋ ಅಷ್ಟು ದೂರ ಮೇಲೆ ಚೈನು, ನೆತ್ತಿಯಲ್ಲಿ ಬಿಚ್ಚೋದು. ಹತ್ತು ದುಗ್ಗಪ್ಪ, ಹೋಗಿ ನೋಡೋಣ."

"ಯಾರು? ನೀವಾ?"

ಹೂವಪ್ಪ ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಇಷ್ಟು ವರ್ಷ ನೂರಾರು ಕಾರಿಗೆ ಚಕ್ರ ಹಾಕಿದವನು ಬಾಗಿಲು ಹಾಕಿಕೊಳ್ಳಲು ತಡವರಿಸುತ್ತಾನೆ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಕಿಟಕಿ ಹಿಡಿದು, ಚಕ್ರದ ಸದ್ದಿಗೆ ಕಿವಿಗೊಟ್ಟಿರುತ್ತಾನೆ. ಕೆಸರಲ್ಲಿ ಕಾರು ಎರಡು ಸಲ ತಿಣುಕುತ್ತದೆ, ಆದರೆ ನಿಲ್ಲುವುದಿಲ್ಲ. ನೆತ್ತಿಯಲ್ಲಿ ಇಳಿದು ತಾನೇ ಚೈನು ಬಿಚ್ಚಿ, ಬಗ್ಗಿ, ಹೊಸ ಡಾಂಬರನ್ನು ಅಂಗೈಯಲ್ಲಿ ಸವರುತ್ತಾನೆ. ದುಗ್ಗಪ್ಪ ನಿಧಾನಕ್ಕೆ ಇಳಿಜಾರಿನಲ್ಲಿ ಹೋಗಿ ಬ್ರೇಕು ಒತ್ತಿ ತೋರಿಸುತ್ತಾನೆ. ಕಾರು ಒತ್ತಿದಲ್ಲೇ ನಿಲ್ಲುತ್ತದೆ.

ಅದಾದ ಮೇಲೆಯೇ ಹೂವಪ್ಪ ತಲೆ ಎತ್ತುವುದು. ಕೆಳಗೆ ಗುಡ್ಡದಿಂದ ಗುಡ್ಡದವರೆಗೆ ನೀರು. ಒಣಗಿದ ಮರದ ತುದಿಗಳು ನಾಲ್ಕಾರು ಹೊರಗೆ ಕಾಣುತ್ತವೆ. ಅವನು ಬಹಳ ಹೊತ್ತು ನೋಡುತ್ತಾನೆ, ಕಣ್ಣು ಒರೆಸಿಕೊಳ್ಳುತ್ತಾನೆ, ಮರೆಮಾಚುವುದಿಲ್ಲ.

"ಯಾವುದು ಬಾವಾ ನಿಮ್ಮ ಹಲಸು?"

"ಗೊತ್ತಾಗ್ತಿಲ್ಲ." ಆಮೇಲೆ ರಸ್ತೆಯ ಪಕ್ಕದ ಮಟ್ಟಸ ಜಾಗವನ್ನು ಕಾಲಲ್ಲಿ ಒತ್ತಿ ನೋಡುತ್ತ ಹೇಳುತ್ತಾನೆ, "ಇಲ್ಲೊಂದು ಗೂಡು ಹಾಕ್ಬೇಕು. ಚೈನು ಬಿಚ್ಚೋಕೆ, ಕಟ್ಟೋಕೆ ಇಲ್ಲೊಬ್ಬ ಬೇಕೇ ಬೇಕು."

"ಈ ನೀರಿನ ಎದುರಿಗೆ ದಿನಾ ಬಂದು ಕೂರೋರು ಯಾರು ಬಾವಾ?"

"ನಾನೇ" ಎನ್ನುತ್ತಾನೆ ಹೂವಪ್ಪ. "ತಿರುವಿನ ಆ ಗೂಡಲ್ಲಿ ಗೋಡೆ ನೋಡ್ಕೊಂಡು ನಿನ್ನ ಅಕ್ಕ ಕೂರ್ಲಿ. ಕಾಯೋದು ಅವಳಿಗೆ ನನಗಿಂತ ಚೆನ್ನಾಗಿ ಬರ್ತದೆ."