ಬಿಳಿ ಮರಿಯ ಕಿವಿ

ಬೀದಿಯ ಮಗ್ಗಗಳು ಇನ್ನೂ ಸದ್ದು ಶುರುಮಾಡಿಲ್ಲ. ಉಲಗಮ್ಮಾಳ್ ಹಿತ್ತಿಲ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನಾಯಿಮರಿಗಳನ್ನು ಒಂದೊಂದಾಗಿ ತಾಯಿಯ ಮೊಲೆಯಿಂದ ಬಿಡಿಸಿ ಬೇರೆ ಮೂಲೆಗೆ ತರುತ್ತಿದ್ದಾರೆ. ಅಲ್ಲಿ ಮಗ್ಗದಲ್ಲಿ ನೇಯ್ದು ಉಳಿದ ಬ್ಯಾಂಡೇಜ್ ಬಟ್ಟೆಯ ಚೂರುಗಳ ದಪ್ಪ ಹಾಸು. ಮರಿಯನ್ನು ಅದರ ಮೇಲೆ ಮಲಗಿಸಿ, ಕಣ್ಣು ಮುಚ್ಚುವವರೆಗೆ ಕಾದು, ಬೆನ್ನ ಹಿಂದಿನಿಂದ ಹಿತ್ತಾಳೆ ತಟ್ಟೆಗೆ ಸೌಟಿನಿಂದ ಒಂದೇ ಏಟು ಹಾಕುತ್ತಾರೆ. ಬೆಚ್ಚಿ ತಲೆಯೆತ್ತಿದ ಮರಿ ತಾಯಿಯ ಬಳಿಗೆ ವಾಪಸ್ಸು.

"ಬರೀ ನೆಲದ ಮೇಲಾದ್ರೆ ಮೋಸ ಹೋಗ್ತೀವಿ ಅಣ್ಣಾಚಿ," ಎಂದು ಪಕ್ಕದಲ್ಲಿ ಕೂತು ನೋಡುತ್ತಿರುವ ನನಗೆ ಹೇಳುತ್ತಾರೆ. "ನೆಲ ಅದುರಿದ್ರೆ ಕಿವುಡು ಮರಿನೂ ಏಳುತ್ತೆ. ಪಕ್ಕದಲ್ಲಿ ಇನ್ನೊಂದು ಮರಿ ಇದ್ರಂತೂ ಬ್ರಹ್ಮನಿಗೂ ಗೊತ್ತಾಗಲ್ಲ. ಅದು ಓಡಿದ್ರೆ ಇದೂ ಓಡುತ್ತೆ, ಅದು ಬೊಗಳಿದ್ರೆ ಇದೂ ಬೊಗಳುತ್ತೆ."

ಆರು ಮರಿಗಳು ಬೆಚ್ಚಿವೆ. ಏಳನೆಯದು ಮೈಯೆಲ್ಲ ಹಾಲುಬಿಳುಪು, ಮೂಗು ಗುಲಾಬಿ. ರಾಜಪಾಳಯಂನಲ್ಲಿ ಎಲ್ಲರೂ ಮುಗಿಬಿದ್ದು ಕೇಳುವಂಥ ಮರಿ. ತಟ್ಟೆಯ ಏಟಿಗೆ ಆಚೆ ಕಟ್ಟಿದ ಮೇಕೆ ಬೆದರಿ ಹಗ್ಗ ಜಗ್ಗುತ್ತದೆ. ಮರಿ ಮಾತ್ರ ಹೊಟ್ಟೆ ಏರಿಸಿ ಇಳಿಸಿ ನಿದ್ದೆ ಮಾಡುತ್ತಿದೆ. ಉಲಗಮ್ಮಾಳ್ ಇನ್ನೊಮ್ಮೆ ಬಡಿಯುತ್ತಾರೆ. ಆಮೇಲೆ ಸೌಟನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಈ ಸಲದ ಮರಿಗಳಲ್ಲಿ ಒಂದು ಜೋಡಿ ಕೊಡುವುದಾಗಿ ಆಗಲೇ ಮಾತು ಕೊಟ್ಟಾಗಿದೆ. ಸಂಜೀವಿ ರಾಜಾ ಅವರ ಮಗಳ ಮದುವೆ ಹತ್ತಿರ ಬಂದಿದೆ, ಆ ಮನೆತನದಲ್ಲಿ ಹೆಣ್ಣಿನ ಜೊತೆ ಒಂದು ಜೋಡಿ ಮರಿ ಕಳಿಸುವ ಪದ್ಧತಿ. ಆಯ್ಕೆ ಮಾಡಲು ಅವರು ಬರುವುದು ಇವತ್ತೇ.

ಈ ಊರಿನ ಹೆಸರನ್ನು ಎಲ್ಲೆಲ್ಲಿಗೋ ಕೊಂಡೊಯ್ದದ್ದು ಊರಿನ ಹೆಸರನ್ನೇ ಹೊತ್ತ ಈ ತಳಿಯ ನಾಯಿ. ಅದನ್ನು ಸಾಕಿ ಬೆಳೆಸುವ ಹೆಂಗಸಿನ ಹೆಸರು ಮಾತ್ರ ಪಕ್ಕದ ಬೀದಿಯವರಿಗೂ ಗೊತ್ತಿಲ್ಲ. ಪಕ್ಕದ ಬೀದಿಯವನೇ ಆದ ನನಗೂ ಬಹಳ ವರ್ಷ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗ ಉಲಗಮ್ಮಾಳ್‌ಗೆ ನಾಯಿ ಕಂಡರೆ ಭಯವಂತೆ. ಕೆಲಸ ಕಲಿಸಿದವರು ಅತ್ತೆ. ಬಡಕಲು ಮರಿಯನ್ನು ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಚ್ಚುವುದು, ಇರುವೆ ಹತ್ತದಂತೆ ಹಾಸಿನ ಸುತ್ತ ಬೂದಿ ಸುರಿಯುವುದು, ಮೇಕೆ ಹಾಲಿಗೆ ತೆಳ್ಳನೆ ರಾಗಿ ಗಂಜಿ ಬೆರೆಸಿ ಬೆರಳಲ್ಲಿ ನೆಕ್ಕಿಸುವುದು. ಒಂದೊಂದು ಮರಿಗೂ ಒಂದೊಂದು ತೆಂಗಿನ ಚಿಪ್ಪು. ಒಂದೇ ತಟ್ಟೆಗೆ ಸುರಿದರೆ ದಾಂಡಿಗ ಮರಿ ಉಳಿದವನ್ನು ನೂಕಿ ತಾನೇ ಕುಡಿಯುತ್ತದೆ. ತಾಯಿನಾಯಿಗೆ ನುಚ್ಚಿನ ಅನ್ನ, ಒಣಮೀನಿನ ಸಾರು. ಇಷ್ಟೆಲ್ಲ ಮುಗಿಸಿ ತಾವು ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ.

ಅತ್ತೆ ಕಲಿಸಿದ ಇನ್ನೊಂದು ಕೆಲಸವನ್ನು ಮಾತ್ರ ಅವರು ಮಾಡಲಿಲ್ಲ. ತಟ್ಟೆಯ ಸದ್ದಿಗೆ ಏಳದ ಮರಿಯನ್ನು ಅತ್ತೆ ಬುಟ್ಟಿಯಲ್ಲಿಟ್ಟು ಕೆರೆಯ ಕಡೆ ಹೋಗುತ್ತಿದ್ದರು. ಬರುವಾಗ ಬುಟ್ಟಿ ಬರಿದು.

"ಹುಟ್ಟಿದ ದಿನವೇ ಗೊತ್ತಾಗಿದ್ರೆ ನಾನೂ ಒಯ್ತಿದ್ನೋ ಏನೋ," ಎನ್ನುತ್ತಾರೆ ಉಲಗಮ್ಮಾಳ್. "ಆದ್ರೆ ಇವಕ್ಕೆ ಕಿವಿ ತೆರೆಯೋದೇ ತಡವಾಗಿ. ಅಷ್ಟರಲ್ಲಿ ನನ್ನ ಬೆರಳು ನೆಕ್ಕಿರುತ್ತೆ. ಆಮೇಲೆ ಹೆಂಗೆ ಒಯ್ಯಲಿ?"

ಹಾಗಾಗಿ ಅಂಗಳದಲ್ಲಿ ಯಾರಿಗೂ ಬೇಡವಾದ ಮೂರು ಬಿಳಿ ನಾಯಿಗಳಿವೆ, ಮೂರೂ ಕಿವುಡು. ಒಂದು ಕುಂಟುತ್ತದೆ. ಅದು ಹಿಂದೊಮ್ಮೆ ಜೋಡಿಯಲ್ಲಿ ಹೋದದ್ದು. ಆಗೆಲ್ಲ ಉಲಗಮ್ಮಾಳ್ ಮರಿಗಳನ್ನು ಬೇರೆ ಮಾಡದೆ, ಗುಂಪಿನಲ್ಲೇ ತಟ್ಟೆ ಬಡಿದು ನೋಡುತ್ತಿದ್ದರು. ಇದೂ ಎಲ್ಲದರ ಜೊತೆ ಎದ್ದಿತ್ತು. ಜೊತೆಯದು ಹಾವು ಕಚ್ಚಿ ಸತ್ತ ಮೇಲೆ ಇದು ಕರೆದರೆ ಬರುವುದನ್ನು ಬಿಟ್ಟಿತು. ಮೊಂಡು ಬಿದ್ದಿದೆ ಎಂದುಕೊಂಡು ಅಲ್ಲಿನವರು ಕೋಲು ಹಿಡಿದರು, ಕಾಲು ಮುರಿದ ಮೇಲೆ ಇಲ್ಲಿಗೇ ತಂದು ಬಿಟ್ಟರು. "ಯಾಕೆ ಹೊಡೀತಾರೆ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕೇಳಿಸಲ್ಲ ಅಂತ ಅವ್ರಿಗೆ ಗೊತ್ತಿಲ್ಲ. ಗೊತ್ತು ಮಾಡ್ಕೋಬೇಕಾಗಿದ್ದವಳು ನಾನು," ಎಂದು ಹೇಳಿ ಕುಂಟು ನಾಯಿಯ ಕಾಲನ್ನು ಸವರುತ್ತಾರೆ.

ಗಂಡ ಮಾಡಸಾಮಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಾರೆ. "ಜೋಡೀಲಿ ತಾನೆ ಹೋಗೋದು? ಬಾಯಿ ಮುಚ್ಕೊಂಡಿರು ಸಾಕು. ಇನ್ನೊಂದರ ಹಿಂದೆ ಇದೂ ಬದುಕ್ಕೊಳ್ಳುತ್ತೆ."

"ಇನ್ನೊಂದು ಇರೋವರೆಗೆ," ಎನ್ನುತ್ತಾರೆ ಉಲಗಮ್ಮಾಳ್.

"ದೊಡ್ಡ ಹರಿಶ್ಚಂದ್ರನ ಮನೆಯವಳು. ಮೂರಕ್ಕೆ ಅನ್ನ ಹಾಕೋಕೇ ಸಾಯ್ತಿದೀವಿ, ಇದನ್ನೂ ಸೇರಿಸ್ಕೋ."

ಸಂಜೀವಿ ರಾಜಾ ಬರುತ್ತಾರೆ. ಕೆಟ್ಟವರಲ್ಲ, ಮೆಟ್ಟು ಹೊರಗೆ ಬಿಟ್ಟು, "ಏನವ್ವಾ, ನಮ್ಮ ಹುಡುಗಿಯ ಜೋಡಿ ರೆಡಿನಾ?" ಎಂದು ನಗುತ್ತಲೇ ಒಳಗೆ ಬಂದು ನೇರವಾಗಿ ಬಿಳಿ ಮರಿಯನ್ನೇ ಎತ್ತಿಕೊಳ್ಳುತ್ತಾರೆ. ಮರಿ ಅವರ ಗಡ್ಡವನ್ನು ಮೂಸುತ್ತದೆ. ಮಾಡಸಾಮಿ ಹೆಂಡತಿಯ ಮುಖ ನೋಡುತ್ತಾರೆ, ನಾನೂ ನೋಡುತ್ತೇನೆ. ಉಲಗಮ್ಮಾಳ್ ಕಣ್ಣು ಕುಂಟು ನಾಯಿಯ ಮೇಲಿದೆ.

"ಅಯ್ಯಾ, ಅದಕ್ಕೆ ಕಿವಿ ಕೇಳಲ್ಲ," ಎನ್ನುತ್ತಾರೆ. "ಕಿವಿ ಮೇಲೆ ಮಚ್ಚೆ ಇರೋ ಆ ಎರಡನ್ನ ಕರ್ಕೊಂಡು ಹೋಗಿ. ಎಲೆ ಬಿದ್ರೂ ಎದ್ದು ಕೂರ್ತವೆ."

"ಮದುವೆಗೆ ಮಚ್ಚೆ ಮರಿನಾ? ಬೀಗರು ನಗಲ್ವೇನವ್ವಾ?" ರಾಜಾ ಮರಿಯನ್ನು ಮೆಲ್ಲಗೆ ಕೆಳಗಿಳಿಸಿ, ಬೇರೆ ಕಡೆ ನೋಡುವುದಾಗಿ ಹೇಳಿ ಹೊರಡುತ್ತಾರೆ. ಮಾಡಸಾಮಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮಗ್ಗದ ಕಡೆ ನಡೆಯುತ್ತಾರೆ. ಬಿಳಿಗೆ ಬಿಳಿಯನ್ನೇ ಕೂಡಿಸಿ ಕೂಡಿಸಿ ಕಿವುಡು ಮರಿ ಹುಟ್ಟಿಸುವ ಈ ಊರಿನ ಹುಚ್ಚಿನ ಮೇಲೆ ನನಗೆ ಸಿಟ್ಟು ಬರುತ್ತದೆ. ಉಲಗಮ್ಮಾಳ್‌ಗೆ ಸಿಟ್ಟು ಮಾಡಿಕೊಳ್ಳಲು ಪುರಸೊತ್ತಿಲ್ಲ. ಗಂಜಿ ಆರುತ್ತಿದೆ.

ಅವರು ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟುತ್ತಾರೆ. ಮೂರು ದೊಡ್ಡ ನಾಯಿಗಳು ಎದ್ದು ಬರುತ್ತವೆ. ಬಿಳಿ ಮರಿ ಅವುಗಳ ಕಾಲ ಸಂದಿಯಲ್ಲಿ ತೂರಿ, ಬೆರಳು ಹುಡುಕಿಕೊಂಡು ಬರುತ್ತದೆ.

ಮುಂದೇನು ಎಂದು ನಾನು ಕೇಳುತ್ತೇನೆ. ಮರಿಯ ಬಾಯಿ ಒರೆಸಿದ ಮೇಲೆ ಹೇಳುತ್ತಾರೆ: "ಮಕ್ಕಳಿಗಿಂತ ಮುಂಚೆ ತಾವು ಹೋಗಬೇಕು ಅಂತ ಎಲ್ಲರೂ ದೇವರ ಹತ್ರ ಕೇಳ್ಕೋತಾರೆ. ನಾನು ಅದನ್ನ ಕೇಳಲ್ಲ ಅಣ್ಣಾಚಿ. ಈ ನಾಲ್ಕೂ ಹೋಗಿ, ಒಂದು ದಿನ ಆದ್ಮೇಲೆ ನಾನು ಹೋದ್ರೆ ಸಾಕು."