ಅಪ್ಪನ ಜೀಪು ಕುಡಿದ ಡೀಸೆಲ್

ನಾನು ಮೂವತ್ತು ವರ್ಷ ಗಣಿತ ಕಲಿಸಿದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರಸಂಗದಲ್ಲಿ ತಪ್ಪಿದ ಲೆಕ್ಕ ನನ್ನದೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗೂ ಗಣಿತ ಕಲಿಸಿದ್ದ ಅಪ್ಪ ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತರಾಗಿ, ಯಾವುದೋ ಕಚೇರಿಯವರು ಹರಾಜಿಗೆ ಹಾಕಿದ್ದ ಪಕ್ಕಕ್ಕೆ ಕ್ಯಾನ್ವಾಸ್ ಪರದೆಯಿದ್ದ ಹಳೆಯ ಡೀಸೆಲ್ ಜೀಪೊಂದನ್ನು ಗದಗಿನ ಮನೆಗೆ ತಂದರು. ಮಲ್ಲಸಮುದ್ರದ ಬಯಲಿನಲ್ಲಿ ಓಡಿಸುವುದನ್ನು ಕಲಿತರು. ಜೀವಮಾನವಿಡೀ ಸೈಕಲ್ ತುಳಿದ ಮನುಷ್ಯ ಸ್ಟಿಯರಿಂಗ್ ಹಿಡಿದು ಕೂತಾಗ ಆ ಮುಖ ನೋಡಬೇಕಿತ್ತು! ರವಿವಾರ ಬಂತೆಂದರೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಒಮ್ಮೊಮ್ಮೆ ಕೊರ್ಲಹಳ್ಳಿಯ ಹೊಳೆದಂಡೆ. ಎಲ್ಲ ಊರಲ್ಲೂ ಅವರ ಹಳೆಯ ವಿದ್ಯಾರ್ಥಿಗಳು, ಎಲ್ಲರ ಮನೆಯಲ್ಲೂ ಗಿರಮಿಟ್ಟು, ಚಹಾ. ಹಿಂದಿನ ಎದುರುಬದುರು ಸೀಟುಗಳಲ್ಲಿ ಅವ್ವ ಮತ್ತು ನಾನು ಕುಲುಕುತ್ತಾ ಹೋಗುತ್ತಿದ್ದೆವು.

ಆಗ ಡೀಸೆಲ್ ಸುಲಭವಾಗಿ ಸಿಗುತ್ತಿರಲಿಲ್ಲ. ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವನು ನನ್ನ ತಮ್ಮ. ಅವನಿಗೂ ಆಗಷ್ಟೇ ಲೈಸೆನ್ಸ್ ಬಂದಿತ್ತು, ಕೈ ತುರಿಸುತ್ತಿತ್ತು. ಒಂದು ದಿನ ಬಿಸಿಲಲ್ಲಿ ಎರಡು ತಾಸು ನಿಂತು ಬಂದವನೇ ಡಬ್ಬಿಯನ್ನು ಪಡಸಾಲೆಯಲ್ಲಿ ಕುಕ್ಕಿದ.

"ಅಪ್ಪಾ, ನೀ ಗಾಡಿ ಓಡ್ಸಾಕತ್ತಿಲ್ಲ, ಡೀಸೆಲ್ ಕುಡ್ಸಾಕತ್ತಿ. ಯಾರ ಕೈಯಾಗ ಲೀಟರಿಗೆ ಜಾಸ್ತಿ ದೂರ ಹೋಗ್ತೈತೋ ಅವರ ಇನ್ನ ಮುಂದ ನಡಸ್ಬೇಕು. ಸೋತವ್ರು ಕೀಲಿ ಕೊಟ್ಟು ಹಿಂದ ಕುಂಡ್ರಬೇಕು."

ಅಪ್ಪ ಕನ್ನಡಕ ಒರೆಸಿಕೊಂಡರು. "ಆತು. ಅಳತಿ ಯಾರು ಮಾಡವ್ರು?"

ಇಬ್ಬರೂ ನನ್ನ ಕಡೆ ನೋಡಿದರು. ನನಗೋ ಒಳಗೊಳಗೇ ಕೊಂಬು ಮೂಡಿತು.

ನಾನು ಹಾಕಿದ ಶಿಸ್ತು ಕೇಳಿ. ಜೀಪಿನ ಡೀಸೆಲ್ ಮುಳ್ಳು ಎಂದೋ ಸತ್ತಿತ್ತು, ಅದರ ಮೇಲೆ ನಂಬಿಕೆ ಇಡುವಂತಿರಲಿಲ್ಲ. ಹಾಗಾಗಿ ಗದಗಿನಲ್ಲಿ ಟ್ಯಾಂಕನ್ನು ಕಂಠಮಟ್ಟ ತುಂಬುವುದು, ನೊರೆ ಇಳಿಯುವವರೆಗೆ ಕಾದು ಮತ್ತೆ ತುಂಬುವುದು. ತಮ್ಮ ಮುಂಡರಗಿವರೆಗೆ ಓಡಿಸುವುದು. ಅಲ್ಲಿ ಮತ್ತೆ ಕಂಠಮಟ್ಟ ತುಂಬಲು ಎಷ್ಟು ಹಿಡಿಯಿತೋ ಅಷ್ಟು ಅವನು ಸುಟ್ಟ ಡೀಸೆಲ್. ಅಲ್ಲಿಂದ ಗದಗಿಗೆ ಅಪ್ಪ. ಮನೆ ಮುಂದೆ ಅದೇ ರೀತಿ ಅಳತೆ. ಅದೇ ಗಾಡಿ, ಅದೇ ರಸ್ತೆ, ಅದೇ ದೂರ. ನಮ್ಮ ಶಾಲೆಯ ವಿಜ್ಞಾನದ ಕೋಣೆಯಿಂದ ಗೆರೆ ಕೊರೆದ ಗಾಜಿನ ಅಳತೆ ಜಾಡಿ ತಂದಿದ್ದೆ. ಜೀಪು ನಿಂತ ನೆಲ ಸಮವಾಗಿದೆಯೇ ಎಂದು ತಾಟಿನಲ್ಲಿ ನೀರು ಹಾಕಿ ನೋಡುತ್ತಿದ್ದೆ. ಮುಂಡರಗಿಯಲ್ಲಿ ಅವ್ವ ಎರಡು ಕಿಲೋ ಬದನೆಕಾಯಿ ಆರಿಸಿಟ್ಟಳು. ಭಾರ ಹೆಚ್ಚಾಗುತ್ತದೆ ಎಂದು ನಾನು ಅವನ್ನು ವಾಪಸು ಮಾರುವವಳ ಬುಟ್ಟಿಗೆ ಹಾಕಿಸಿದೆ.

"ನೀ ಟೀಚರ್ ಆಗ್ಬಾರದಿತ್ತು, ಫೌಜದಾರ ಆಗ್ಬೇಕಾಗಿತ್ತು" ಎಂದಳು ಅವ್ವ.

ತಮ್ಮ ಸುಟ್ಟದ್ದು ಮೂರು ಲೀಟರಿಗೆ ಒಂದು ಲೋಟ ಕಡಿಮೆ. ಬರುವಾಗ ಅಪ್ಪ ಸ್ಟಿಯರಿಂಗ್ ಹಿಡಿದರು. ಊರು ದಾಟಿದ ಮೇಲೆ ಹಿಂತಿರುಗಿ ನನ್ನನ್ನು ಕೇಳಿದರು: "ತಂಗೀ, ಬಾಜೂಕ ಪರದಿ ಬಡಕೊಳ್ಳಾಕತ್ತೈತಿ. ಕಟ್ಟೂಣೇನು?"

"ಬ್ಯಾಡ್ರಿ. ಹೋಗುವಾಗ ಬಿಚ್ಚಿದ್ವಿ, ಬರುವಾಗೂ ಬಿಚ್ಚೇ ಇರಬೇಕು."

"ಹೋಗುವಾಗೂ ಹಿಂಗ ಬಡಕೋತಿತ್ತೇನು?"

ಸೋಲುವವರು ನೆಪ ಹುಡುಕುವುದು ಸಹಜ ಎಂದುಕೊಂಡೆ. ಮನೆ ಮುಂದೆ ಅಳೆದಾಗ ಅಪ್ಪ ಸುಟ್ಟದ್ದು ಮೂರೂವರೆ ಲೀಟರಿಗೂ ಮೇಲೆ. ತಮ್ಮ ಓಣಿಯಲ್ಲೇ ಕುಣಿದ. ಅಪ್ಪ ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟು, "ಲೆಕ್ಕ ಅಂದ್ರ ಲೆಕ್ಕ" ಎಂದು ಒಳಗೆ ಹೋದರು.

ಮುಂದಿನ ರವಿವಾರ ಲಕ್ಷ್ಮೇಶ್ವರಕ್ಕೆ ಹೊರಟೆವು. ಅಪ್ಪ ಹಿಂದೆ ನನ್ನ ಎದುರಿಗೆ ಕೂತಿದ್ದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಬ್ರೇಕ್ ಇಲ್ಲದ ತಗಡನ್ನು ಒತ್ತುತ್ತಿತ್ತು. ಆದರೂ ಲೆಕ್ಕ ಸರಿಯಾಗಿದೆಯಲ್ಲ, ನಾನೇನು ಮಾಡಲಿ ಎಂದು ಹೊರಗೆ ನೋಡುತ್ತಾ ಕೂತೆ.

ಮರುದಿನ ಬೆಟಗೇರಿಯ ನಮ್ಮ ಶಾಲೆಯಿಂದ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಸಂಜೆ ಮನೆಗೆ ನಡೆದು ಬರುತ್ತಿದ್ದೆ. ಆಷಾಢ. ಕಟ್ಟಿದ ದಾರ ಹರಿಯಿತು. ಹತ್ತನೇ ಇಯತ್ತೆಯ ಇಡೀ ಬೀಜಗಣಿತ ಬಂದ ದಾರಿಗೆ ವಾಪಸು ಹಾರಿತು. ಸೀರೆ ಎತ್ತಿ ಹಿಡಿದು ಓಡಿದೆ. ಓಡುವುದು ಎಷ್ಟು ಹಗುರ! ಹಿಂದಿನಿಂದ ಯಾರೋ ದೂಡಿದ ಹಾಗೆ. ಕಾಗದ ಹೆಕ್ಕಿಕೊಂಡು ಮನೆಯತ್ತ ತಿರುಗಿದೆನೋ ಇಲ್ಲವೋ, ಸೆರಗು ಬಂದು ಮುಖಕ್ಕೆ ರಪ್ಪನೆ ಬಡಿಯಿತು. ಬೆಳಿಗ್ಗೆ ಶಾಲೆಗೆ ಬೇಗ ತಲುಪುತ್ತೇನೆ, ಸಂಜೆ ಮನೆಗೆ ತಡವಾಗುತ್ತದೆ. ದಿನವೂ ಅದನ್ನು ಆಯಾಸ ಎಂದುಕೊಂಡಿದ್ದೆ.

ಗಾಳಿ! ಆಷಾಢದ ಗಾಳಿ ಪಡುವಣದಿಂದ ಬರುತ್ತದೆ, ಮುಂಡರಗಿ ಇರುವುದು ಮೂಡಣಕ್ಕೆ. ತಮ್ಮ ಹೋದದ್ದು ಗಾಳಿ ಬೆನ್ನಿಗೆ ಹಾಕಿಕೊಂಡು, ಅಪ್ಪ ಬಂದದ್ದು ಗಾಳಿಗೆ ಎದೆ ಕೊಟ್ಟು. ಗದಗಿನಲ್ಲಿ ಹುಟ್ಟಿ ಬೆಳೆದ ನಾನು, ಹುಟ್ಟಿದಾಗಿನಿಂದ ಬೀಸುತ್ತಿದ್ದ ಗಾಳಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬದನೆಕಾಯಿ ಹಿಡಿದಿದ್ದೆ, ಗಾಳಿ ಬಿಟ್ಟಿದ್ದೆ! ರಸ್ತೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಎದುರು ಬಂದ ಎತ್ತಿನಗಾಡಿಯವನು ನನ್ನಿಂದ ಸ್ವಲ್ಪ ದೂರ ಸರಿದೇ ಹೋದ.

ಮನೆಗೆ ಬಂದು ತಪ್ಪೊಪ್ಪಿಕೊಂಡೆ. ತಮ್ಮನಿಗೆ ಮಾತ್ರ ಗಾಳಿಯ ಕಥೆ ಗಂಟಲಲ್ಲಿ ಇಳಿಯಲಿಲ್ಲ. "ಇನ್ನೊಮ್ಮಿ ನೋಡೇ ಬಿಡೂಣ" ಎಂದ. ರವಿವಾರ ಅದೇ ಗಾಳಿ, ಅದೇ ತಾಟು, ಅದೇ ಜಾಡಿ. ಈ ಸಲ ಮುಂಡರಗಿಗೆ ಅಪ್ಪ, ಗದಗಿಗೆ ತಮ್ಮ. ಅಪ್ಪ ಸುಟ್ಟದ್ದು, ಹಿಂದಿನ ಸಲ ತಮ್ಮ ಹೋಗುವಾಗ ಸುಟ್ಟದ್ದಕ್ಕಿಂತ ಅರ್ಧ ಲೋಟ ಕಡಿಮೆ. ತಮ್ಮ ಸುಟ್ಟದ್ದು, ಹಿಂದಿನ ಸಲ ಅಪ್ಪ ಬರುವಾಗ ಸುಟ್ಟದ್ದಕ್ಕಿಂತ ಒಂದು ಲೋಟ ಹೆಚ್ಚು. ಹೋಗುವಾಗಲೂ ಅಪ್ಪನೇ ಗೆದ್ದಿದ್ದರು, ಬರುವಾಗಲೂ ಅಪ್ಪನೇ. ತಮ್ಮ ಜಾಡಿಯನ್ನು ಮೂರು ಸಲ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ. ಆಮೇಲೆ ಗಹಗಹಿಸಿ ನಕ್ಕು, ಎರಡೂ ಕೈಯಲ್ಲಿ ಕೀಲಿ ಹಿಡಿದು ಅಪ್ಪನಿಗೆ ಕೊಟ್ಟ. ಅವ್ವ ಬದನೆಕಾಯಿ ತರಲಿಲ್ಲವಲ್ಲ ಎಂದು ಇನ್ನೂ ಗೊಣಗುತ್ತಿದ್ದಳು. ಆ ಸಂಜೆ ನನಗಾದ ಸಂತೋಷ ಮುಂದೆ ನನ್ನ ವಿದ್ಯಾರ್ಥಿನಿಯರು ನೂರಕ್ಕೆ ನೂರು ತೆಗೆದಾಗಲೂ ಆಗಲಿಲ್ಲ.

ಅಪ್ಪ ಬಾನೆಟ್ ಒರೆಸುತ್ತಿದ್ದಾಗ ಅವರ ಹತ್ತಿರ ಹೋಗಿ ನಿಂತೆ. ಒಂದು ಮಾತು ನನ್ನನ್ನು ಕೊರೆಯುತ್ತಿತ್ತು.

"ಅಪ್ಪಾ, ಪರದಿ ಕಟ್ಟೂಣೇನು ಅಂತ ಕೇಳಿದ್ರಿ. ಗಾಳಿದು ನಿಮಗ ಆಗ ಗೊತ್ತಿತ್ತು, ಹೌದಲ್ರಿ?"

"ಹೊರಡೂಕಿಂತ ಮೊದಲ ಗೊತ್ತಿತ್ತು. ಇಷ್ಟು ವರ್ಷ ಈ ಗಾಳಿಗೆ ಸೈಕಲ್ ತುಳದೀನಿ."

"ಮತ್ತ ಬಾಯಿ ಬಿಟ್ಟು ಹೇಳಬಾರದೇನ್ರಿ? ಕೀಲಿ ಕೊಟ್ಟು ಹಿಂದ ಕುಂತ್ರಿ!"

"ಲೆಕ್ಕ ನಿಂದು. ಉತ್ತರಾ ನಾನ್ಯಾಕ ಹೇಳ್ಲಿ?"

"ನನಗ ಹೊಳೀದಿದ್ರ?"

ಅಪ್ಪ ಬಟ್ಟೆಯನ್ನು ಝಾಡಿಸಿದರು. ಅದು ಮುಂಡರಗಿಯ ಕಡೆಗೆ ಪಟಪಟ ಬಡಿಯಿತು.

"ನೀ ಯಾರ ಕಡೆ ಕಲ್ತೀಯಂತ ನನಗ ಗೊತ್ತಿಲ್ಲೇನು? ಗಾಡಿ ಹತ್ತಿ ಕುಂಡ್ರು."